ತುಟಿ ಎರಡು ಸಲ ಮುಚ್ಚುತ್ತದೆ

ರೋಮ್
3 ಅಕ್ಟೋಬರ್ 1973

ಶ್ರೀಮತಿ ನೊರೀನಾ ಕಾರ್ಲಿ ಅವರಿಗೆ,

ಈ ಪತ್ರವನ್ನು ನಮ್ಮ ಡಬ್ಬಿಂಗ್ ಸ್ಟುಡಿಯೋದ ಪರವಾಗಿ ಬರೆಯುತ್ತಿದ್ದೇನೆ, ನನ್ನ ಪರವಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಅನುಕೂಲ.

ನಮ್ಮ ಕೈಯಲ್ಲಿ ಈಗ 'ನವಿಲು ಮೂರು ಸಲ ಕೂಗಿತು' ಎಂಬ ಸಿನಿಮಾ ಇದೆ. ಅದರಲ್ಲಿ ನವಿಲಿಲ್ಲ. ಕೊಲೆಗಾರರ ಸಿನಿಮಾದ ಹೆಸರಿನಲ್ಲಿ ಒಂದು ಪ್ರಾಣಿಯೋ ಒಂದು ಸಂಖ್ಯೆಯೋ ಇಲ್ಲದಿದ್ದರೆ ಜನ ಬರುವುದಿಲ್ಲ ಎಂದು ನಿರ್ಮಾಪಕರು ನಂಬಿದ್ದಾರೆ. ಏಳು ಕೊಲೆ, ಒಂದು ಜೊತೆ ಕಪ್ಪು ಚರ್ಮದ ಕೈಗವಸು. ಕೈಗವಸಿನೊಳಗಿನ ಕೈ ನಿರ್ದೇಶಕರದೇ. ಮಣಿಕಟ್ಟಿನ ಕೂದಲು ಚೆನ್ನಾಗಿ ಕಾಣುತ್ತದೆ. ಕೊನೆಗೆ ಕೊಲೆಗಾರ್ತಿ ಎಂದು ಬಯಲಾಗುವವಳು ಮಾತ್ರ ಅರವತ್ತು ದಾಟಿದ ಪಿಯಾನೋ ಮೇಡಂ. ಆ ಕೂದಲಿನ ಬಗ್ಗೆ ಯಾರೂ ಕೇಳುವುದಿಲ್ಲ.

ಕೊಲೆಗೆ ಮುಂಚೆ ಅವಳು ಪ್ರತಿಯೊಬ್ಬರಿಗೂ ಫೋನ್ ಮಾಡಿ ಪಿಸುಗುಡುತ್ತಾಳೆ. ಆ ಪಿಸುಮಾತು ಗಂಡಸಿನದೋ ಹೆಂಗಸಿನದೋ ತಿಳಿಯಬಾರದು. ಹನ್ನೊಂದು ಜನರನ್ನು ಮೈಕಿನ ಮುಂದೆ ನಿಲ್ಲಿಸಿ ನೋಡಿದೆವು. ಒಬ್ಬರು ನೆಗಡಿ ಹಿಡಿದವರ ಹಾಗೆ ಪಿಸುಗುಟ್ಟಿದರು, ಇನ್ನೊಬ್ಬರು ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವವರ ಹಾಗೆ. ನಮ್ಮ ಡಬ್ಬಿಂಗ್ ನಿರ್ದೇಶಕರಾದ ಬ್ರಾಂದಿಮಾರ್ತೆ ಅವರು ಮೇಜು ಗುದ್ದಿ, "ಆ ಮೀನೂರಿನ ಹುಡುಗಿ ಎಲ್ಲಿ ಹೋದಳ್ರೀ? ಕರೆಸ್ರೀ ಅವಳನ್ನ!" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾಲ್ಕು ವರ್ಷ ನಿಮ್ಮ ಜೊತೆ ಒಂದೇ ಕೋಣೆಯಲ್ಲಿದ್ದವಳು ನಾನೇ ತಾನೆ?

ಬರುವ ಮನಸ್ಸಿದ್ದರೆ ತಿಳಿಸಿ. ಇಲ್ಲದಿದ್ದರೂ ತಿಳಿಸಿ.

ಇಂತಿ,
ದೊಮೇನಿಕಾ ತ್ರಸಾರ್ತಿ
ಸಂಭಾಷಣೆ ಹೊಂದಿಸುವ ವಿಭಾಗ


ಕೊಮಾಕ್ಕಿಯೊ
9 ಅಕ್ಟೋಬರ್ 1973

ಮಿಮ್ಮಾ,

ದೊಮೇನಿಕಾ ಅಂತೆ! ವಿಭಾಗ ಅಂತೆ! ನಿನ್ನ ಹೆತ್ತಮ್ಮ ಕೂಡ ನಿನ್ನನ್ನು ಮಿಮ್ಮಾ ಎಂದೇ ಕರೆದದ್ದು. ಏಳು ವರ್ಷದ ಮೇಲೆ ಕಾಗದ ಬರೆದು 'ನೀವು' ಎನ್ನುತ್ತೀಯಲ್ಲ, ಟೈಪ್ ಮಾಡುವಾಗ ಬೆರಳು ನಡುಗಲಿಲ್ಲವೇ? ಅಂಚೆಯವನ ಕೈಯಿಂದ ಕಾಗದ ಕಿತ್ತುಕೊಂಡು ಅಂಗಡಿಯ ಹಿಂದೆ ಹೋಗಿ ಓದಿದೆ. ಅಲ್ಲಿಗೆ ಏಕೆ ಹೋದೆ ಎಂದು ನನ್ನ ಗಂಡ ನುಲ್ಲೊ ಇನ್ನೂ ಕೇಳುತ್ತಿದ್ದಾನೆ.

ಬರಲಾರೆ ಕಣೇ. ನಿನಗೆ ನೆನಪಿರುವ ಧ್ವನಿ ಈಗ ನನ್ನ ಹತ್ತಿರ ಇಲ್ಲ. ಆರು ವರ್ಷದಿಂದ ಮೀನು ಮಾರುಕಟ್ಟೆಯಲ್ಲಿ ನಿಂತು ಕೂಗುತ್ತಿದ್ದೇನೆ. ಎಡಗಡೆಯ ಅಂಗಡಿಯವಳ ಗಂಟಲು ಹಡಗಿನ ಭೋಂಗಿನಂಥದು. ಅವಳಿಗಿಂತ ಜೋರಾಗಿ ಕೂಗದಿದ್ದರೆ ನಮ್ಮ ಹಾವುಮೀನು ಬಾಣಲೆ ಸೇರುವುದು ಯಾವಾಗ? ಹಾಗೆ ಕೂಗಿ ಕೂಗಿ ಗಂಟಲು ತರಿತರಿಯಾಗಿದೆ. ಹಿಂದೆ ರಾಜಕುಮಾರಿಯರಿಗೆ ಧ್ವನಿ ಕೊಟ್ಟವಳು ಈಗ ಬಾಯಿ ತೆರೆದರೆ ಜಲ್ಲಿಕಲ್ಲು ಸುರಿದ ಹಾಗಿರುತ್ತದೆ.

ಇನ್ನು ಆ ಹಲ್ಲಿನ ಕಥೆ. ಅದನ್ನು ಇನ್ನೂ ಕಟ್ಟಿಕೊಂಡು ಕೂತಿದ್ದೀಯಾ? ಆವತ್ತು ಯಾರೋ ನಿನ್ನ ಕಿವಿ ಊದಿದರು. ಯಾರೆಂದು ನನಗೆ ಗುಮಾನಿಯೂ ಇದೆ. ಊದಿದವರ ಮಾತು ನಂಬಿ ನನ್ನ ಮುಖ ನೋಡುವುದನ್ನೇ ಬಿಟ್ಟೆಯಲ್ಲ, ಅದಕ್ಕೇನು ಹೇಳಲಿ?

ಕಾಗದಕ್ಕೆ ಮೀನಿನ ವಾಸನೆ ಹತ್ತಿದ್ದರೆ ಬೈದುಕೋ. ಇಲ್ಲಿ ಎಲ್ಲದಕ್ಕೂ ಅದೇ ವಾಸನೆ.

ನೊರೀನಾ


ರೋಮ್
14 ಅಕ್ಟೋಬರ್ 1973

ಶ್ರೀಮತಿ ಕಾರ್ಲಿ ಅವರಿಗೆ,

ನಿಮ್ಮ ಪತ್ರದ 'ತರಿತರಿ' ಎಂಬ ಮಾತನ್ನು ಬ್ರಾಂದಿಮಾರ್ತೆ ಅವರಿಗೆ ಓದಿ ಹೇಳಿದೆ. ಕುರ್ಚಿಯಿಂದ ಎದ್ದು ನಿಂತರು. "ಅದೇ ಬೇಕಾಗಿದ್ದದ್ದು ಕಣ್ರೀ! ಇಲ್ಲಿರೋರೆಲ್ಲ ಬೆಣ್ಣೆ ನುಂಗಿದ ಹಾಗೆ ಮಾತಾಡ್ತಾರೆ. ಕೊಲೆಗಾರ್ತಿ ಗಂಟಲಲ್ಲಿ ಮರಳಿರ್ಬೇಕು, ಮರಳು!" ಎಂದರು. 18ರ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವರು ನಿಮ್ಮ ಊರಿನ ಬಾರಿಗೆ ಫೋನ್ ಮಾಡುತ್ತಾರೆ. ಹೇಳಬೇಕಾದ ಮೂರು ಸಾಲುಗಳು ಇದರ ಜೊತೆಗಿವೆ.

ಹಲ್ಲಿನ ಕಥೆ ನೀವೇ ಎತ್ತಿದ್ದೀರಿ. ಆದ್ದರಿಂದ ಒಂದೇ ಸಲ ಹೇಳುತ್ತೇನೆ.

ನನ್ನ ಕಿವಿ ಯಾರೂ ಊದಲಿಲ್ಲ. ಆವತ್ತು ಬೆಳಿಗ್ಗೆ ಕೆನ್ನೆ ಊದಿಕೊಂಡು, "ಹಲ್ಲು ಕೀಳಿಸ್ಕೊಂಡು ಬರ್ತೀನಿ, ಒಂದು ಗಂಟೆ ತಡ ಆಗುತ್ತೆ ಅಂತ ಸಾಹೇಬ್ರಿಗೆ ಹೇಳು" ಎಂದು ನಿಮಗೆ ಹೇಳಿ ಹೋಗಿದ್ದೆ. ನನ್ನ ಬದುಕಿನಲ್ಲಿ ನಾನು ಧ್ವನಿ ಕೊಡಬೇಕಿದ್ದ ಮೊದಲ ನಾಯಕಿಯ ಪಾತ್ರ ಅದು. ವೈದ್ಯರು ಎಣಿಸಿದ್ದಕ್ಕಿಂತ ಬೇಗ ಕಿತ್ತರು. ಓಡಿಬಂದೆ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಕೆಂಪು ದೀಪ ಉರಿಯುವಾಗ ಬಾಗಿಲು ತೆಗೆಯುವವರು ನಮ್ಮ ಕಸುಬಿನಲ್ಲಿ ಯಾರೂ ಇಲ್ಲ. ಬಾಗಿಲಿನ ಗುಂಡು ಗಾಜಿನಲ್ಲಿ ಇಣುಕಿದೆ. ಒಳಗಿನ ಸದ್ದು ಹೊರಗೆ ಬರುವುದಿಲ್ಲ. ಆದರೆ ತುಟಿ ಓದುವುದೇ ನನ್ನ ಕೆಲಸ. ಬ್ರಾಂದಿಮಾರ್ತೆ ಅವರು "ಮಿಮ್ಮಾ ಎಲ್ಲಿ?" ಎಂದು ಕೇಳಿದರು. ನೀವು "ನನಗೆ ಗೊತ್ತಿಲ್ಲ" ಎಂದಿರಿ. ಆಮೇಲೆ ಮೈಕಿನ ಮುಂದೆ ನಿಂತು ನನ್ನ ಮಾತುಗಳನ್ನು ನೀವು ಆಡಿದಿರಿ. ಚೆನ್ನಾಗಿಯೇ ಆಡಿದಿರಿ.

ಏಳು ವರ್ಷದಿಂದ ನನಗೆ ಬೇಕಾಗಿರುವುದು ಒಂದೇ ಮಾತು. ಅದು ನಿಮ್ಮ ಬಾಯಿಂದ ಬರಬೇಕು. ಅದು ಬರುವವರೆಗೆ ನಾನು ದೊಮೇನಿಕಾ.

ದೊಮೇನಿಕಾ ತ್ರಸಾರ್ತಿ


ಕೊಮಾಕ್ಕಿಯೊ
20 ಅಕ್ಟೋಬರ್ 1973

ಮಿಮ್ಮಾ,

ಮೊದಲು ಬಾರಿನ ಕಥೆ ಕೇಳು. ಗುರುವಾರ ಹತ್ತಕ್ಕೆ ಫೋನ್ ಬಂತು. ನಾನು ಶುಭ್ರವಾದ ಏಪ್ರನ್ ಕಟ್ಟಿಕೊಂಡು ಹೋಗಿದ್ದೆ, ಫೋನಿನಲ್ಲಿ ಕಾಣುತ್ತದೆ ಎನ್ನುವ ಹಾಗೆ. ನಾಲ್ಕು ಜನ ಮುದುಕರು ಇಸ್ಪೀಟು ಆಡುತ್ತಿದ್ದರು, ಬಾರಿನ ಒಡತಿ ಲೋಟ ಒರೆಸುತ್ತಿದ್ದಳು. ನಾನು ಫೋನಿನ ಬಾಯಿಗೆ ಬಾಯಿಟ್ಟು, "ಪರದೆ ಸರಿಸು... ಎದುರಿಗೇ ಇದ್ದೀನಿ... ನಿನ್ನ ಕೂದಲು ಇವತ್ತು ಎಷ್ಟು ಚೆಂದ ಕಾಣ್ತಿದೆ..." ಎಂದೆ. ಲೋಟ ಬಿತ್ತು. ಬಾರಿನ ಒಡತಿ ಎರಡೂ ಕೈಯಿಂದ ತಲೆ ಮುಟ್ಟಿಕೊಂಡಳು. ಮುದುಕರಲ್ಲಿ ಒಬ್ಬ ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಗೆಲ್ಲುವ ಎಲೆ ಕೈಯಲ್ಲಿದ್ದರೂ ಆಟ ಬಿಟ್ಟು ಮನೆಗೆ ಹೋದ. ಮಾರನೆಯ ದಿನ ಠಾಣೆಯ ಸಾಹೇಬರು ನಮ್ಮ ಅಂಗಡಿಗೆ ಬಂದರು. ಅರ್ಧ ಕಿಲೋ ಹಾವುಮೀನು ತೂಗಿಸುತ್ತಾ, "ನೊರೀನಮ್ಮಾ, ಯಾರ ಮೇಲೆ ಕೋಪ? ನನ್ನ ಹತ್ರ ಹೇಳ್ಕೊಳ್ಳಿ, ಊರಲ್ಲಿ ನಾಲ್ಕು ಹೆಂಗಸರು ಕಿಟಕಿ ಪರದೆಗೆ ಮೊಳೆ ಹೊಡೆಸಿದಾರೆ" ಎಂದರು. ನುಲ್ಲೊ ನಕ್ಕು ನಕ್ಕು ಮೀನಿನ ತೊಟ್ಟಿಯ ಮೇಲೆ ಕೂತುಬಿಟ್ಟ. ತೊಟ್ಟಿ ತುಂಬಿತ್ತು.

ಇಷ್ಟು ಸಂತೋಷಪಟ್ಟು ಎಷ್ಟು ವರ್ಷವಾಗಿತ್ತೋ! ಬರುತ್ತೇನೆ ಎಂದು ನಿನ್ನ ಸಾಹೇಬರಿಗೆ ಹೇಳು.

ಗುಂಡು ಗಾಜಿನ ವಿಷಯ ಓದಿದೆ. ಓದಿ ಮೀನು ಕೊಯ್ಯಲು ಹೋಗಿ ಬೆರಳು ಕೊಯ್ದುಕೊಂಡೆ. ನೀನು ಹೊರಗೆ ನಿಂತಿದ್ದೆ ಎಂದು ನನಗೆ ತಿಳಿದಿರಲಿಲ್ಲ. ಆ ಊದಿದ ಕೆನ್ನೆ ಗಾಜಿಗೆ ಅಂಟಿಕೊಂಡಿರುವುದು ಈಗ ಹಾವುಮೀನಿನ ಮೇಲೂ ಕಾಣುತ್ತದೆ, ತಕ್ಕಡಿಯ ತಟ್ಟೆಯಲ್ಲೂ ಕಾಣುತ್ತದೆ.

ನೀನು ಕೇಳಿದ ಮಾತನ್ನು ಬರೆಯಲು ಕೂತೆ. ಬರೆದೆ, ಹರಿದೆ. ಮತ್ತೆ ಬರೆದೆ, ಹರಿದೆ. ನನ್ನ ಸ್ವಭಾವ ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಎದುರಿಗೆ ಬೇರೆಯವರ ಬಾಯಿ ಆಡುತ್ತಿದ್ದರೆ ನಾನು ಏನನ್ನು ಬೇಕಾದರೂ ಹೇಳುತ್ತೇನೆ, ಅಳುತ್ತೇನೆ, ಸಾಯುತ್ತೇನೆ. ನನ್ನದೇ ಬಾಯಿಂದ ಹೇಳು ಎಂದರೆ ನಾಲಗೆ ಏಳುವುದಿಲ್ಲ. ನುಲ್ಲೊ ಮದುವೆಗೆ ಕೇಳಿದಾಗಲೂ ನಾನು ಹೂಂ ಎನ್ನಲಿಲ್ಲ. ಅವನ ಕೈಯಲ್ಲಿದ್ದ ಬುಟ್ಟಿ ತೆಗೆದುಕೊಂಡೆ, ಅಷ್ಟೆ.

ನೊರೀನಾ


ರೋಮ್
29 ಅಕ್ಟೋಬರ್ 1973

ಶ್ರೀಮತಿ ಕಾರ್ಲಿ ಅವರಿಗೆ,

ಧ್ವನಿಗ್ರಹಣ ನವೆಂಬರ್ 15ರ ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ. ಫೋನ್ ಕೇಳಿದ ಮೇಲೆ ಬ್ರಾಂದಿಮಾರ್ತೆ ಅವರು ಮಧ್ಯಾಹ್ನದವರೆಗೆ ಕಿಟಕಿಯ ಕಡೆ ಬೆನ್ನು ಹಾಕಿ ಕೂರಲಿಲ್ಲ. ಅದನ್ನು ಅವರ ಮೆಚ್ಚುಗೆ ಎಂದು ತಿಳಿಯಿರಿ.

ಕೆಲಸ ಹಿಂದಿನಂತೆಯೇ. ಪ್ರತಿ ದೃಶ್ಯದ ಫಿಲ್ಮನ್ನು ಕತ್ತರಿಸಿ ತುದಿಗೆ ತುದಿ ಅಂಟಿಸಿ ಉಂಗುರ ಮಾಡಿರುತ್ತೇವೆ. ನಿಮ್ಮ ಮಾತು ತುಟಿಗೆ ಕೂರುವವರೆಗೆ ಉಂಗುರ ತಿರುಗುತ್ತಲೇ ಇರುತ್ತದೆ. ಒಟ್ಟು ಇಪ್ಪತ್ತಾರು ಉಂಗುರಗಳಿವೆ.

ಕೊನೆಯ ಉಂಗುರದ ಬಗ್ಗೆ ಒಂದು ಸೂಚನೆ. ಪಿಯಾನೋ ಮೇಡಂ ಮಾಡಿರುವ ನಟಿ ಡೆನ್ಮಾರ್ಕಿನವರು. ಹೇಗೂ ಧ್ವನಿ ಬೇರೆಯವರದು ಎಂದು ತಪ್ಪೊಪ್ಪಿಗೆಯ ಸಂಭಾಷಣೆಯನ್ನು ಬಾಯಿಪಾಠ ಮಾಡಿಲ್ಲ. ಕಣ್ಣು ತುಂಬ ನೀರು ತುಂಬಿಕೊಂಡು ಒಂದರಿಂದ ಎಣಿಸುತ್ತಾ ಹೋಗಿದ್ದಾರೆ. ಮೂವತ್ತಕ್ಕೆ ಪಶ್ಚಾತ್ತಾಪ, ನಲವತ್ತೆರಡಕ್ಕೆ ಹುಚ್ಚು ನಗು. ಆ ಸಂಖ್ಯೆಗಳ ಮೇಲೆ ನಾನು ಮಾತು ಕೂರಿಸಿದ್ದೇನೆ. ಐವತ್ತೊಂಬತ್ತು ಆದ ಮೇಲೆ ಅವರಿಗೆ ಎಣಿಕೆ ತಪ್ಪಿದೆ. "ಮ್... ಮ್..." ಎಂದು ತಡವರಿಸಿ, ಮತ್ತೇನೋ ಎಣಿಸಿ, ಮಹಡಿಯಿಂದ ಬಿದ್ದಿದ್ದಾರೆ. ಅಲ್ಲಿ ನನ್ನ ಹಾಳೆಯಲ್ಲಿ ಜಾಗ ಖಾಲಿ ಇದೆ. ತುಟಿ ಎರಡು ಸಲ ಮುಚ್ಚುತ್ತದೆ. ಆಮೇಲೆ ಆರು ಸಲ ಬಾಯಿ ತೆರೆಯುತ್ತದೆ, ತುಟಿಗೆ ತುಟಿ ತಾಗುವುದಿಲ್ಲ. ಏನು ತುಂಬಬೇಕೆಂದು ನನಗೆ ತೋಚಲಿಲ್ಲ. ನೀವು ನರಳಿದರೂ ಸಾಕು.

ಆ ದಿನ ನಾನು ಸ್ಟುಡಿಯೋದಲ್ಲಿ ಇರುವುದಿಲ್ಲ. ಹಲ್ಲಿನ ವೈದ್ಯರ ಬಳಿ ಕೆಲಸವಿದೆ.

ದೊಮೇನಿಕಾ ತ್ರಸಾರ್ತಿ


ಕೊಮಾಕ್ಕಿಯೊ
19 ನವೆಂಬರ್ 1973

ಮಿಮ್ಮಾ,

ಹಲ್ಲಿನ ವೈದ್ಯರಂತೆ. ಮಾತಿನಲ್ಲೇ ಚುಚ್ಚುವುದನ್ನು ಕಲಿತಿದ್ದೀಯ, ಆ ಸಿನಿಮಾಕ್ಕೆ ಕತ್ತಿಯೇ ಬೇಕಿರಲಿಲ್ಲ.

ಬಂದೆ, ಕೆಲಸ ಮುಗಿಸಿದೆ, ವಾಪಸ್ ಬಂದೆ. ನಿನ್ನ ಕುರ್ಚಿ ನೋಡಿದೆ. ಅದೇ ಹಳೆಯ ಹಸಿರು ದಿಂಬು! ನಾನು ಹೊಲಿದ ಮೂಲೆ ಇನ್ನೂ ಬಿಚ್ಚಿಲ್ಲ. ಅದರ ಮೇಲೆ ಕೂರಲಿಲ್ಲ, ನಿಂತೇ ಇದ್ದೆ. ಬ್ರಾಂದಿಮಾರ್ತೆ ಅವರಿಗೆ ಹೊಟ್ಟೆ ಬಂದಿದೆ, ಕೋಪ ಮಾತ್ರ ಹಾಗೇ ಇದೆ. ಮೊದಲ ಪಿಸುಮಾತಿಗೇ ಧ್ವನಿ ಎಂಜಿನಿಯರ್ ಎದ್ದು ಬಾಗಿಲ ಚಿಲಕ ನೋಡಿಕೊಂಡು ಬಂದ.

ಪಕ್ಕದ ಕೋಣೆಯಲ್ಲಿ ಸಿನಿಮಾಕ್ಕೆ ಸದ್ದು ಮಾಡುವ ಉಬಾಲ್ದೊ ಇರಿತದ ಸದ್ದಿಗೆಂದು ಎಲೆಕೋಸು ಇರಿಯುತ್ತಿದ್ದ. ಏಳು ಕೊಲೆಗೆ ಇಪ್ಪತ್ತಮೂರು ಎಲೆಕೋಸು! ಎಲ್ಲ ಮನೆಗೆ ಒಯ್ಯುತ್ತಾನಂತೆ. "ಮೂರು ವಾರದಿಂದ ದಿನಾ ಕೋಸಿನ ಸಾರೇ ನೊರೀನಾ. ಊಟಕ್ಕೆ ಕೂತ್ರೆ ಮಗಳು ಕೇಳ್ತಾಳೆ, ಇವತ್ತು ಯಾರ ಕೊಲೆ ಅಪ್ಪಾ, ನರ್ಸಮ್ಮಂದಾ, ಫೋಟೋಗ್ರಾಫರ್‌ದಾ ಅಂತ" ಎಂದ. ನಾನು ನಿಮಗೆಲ್ಲ ಎಂದು ಒಯ್ದಿದ್ದ ಹಾವುಮೀನಿನಲ್ಲಿ ಒಂದನ್ನು ಹಿಡಿದು ಕಲ್ಲಿನ ನೆಲದ ಮೇಲೆ ಪಟೀರೆಂದು ಅಪ್ಪಳಿಸಿ ತೋರಿಸಿದೆ. ಅವನ ಕಣ್ಣಲ್ಲಿ ನೀರು ಬಂತು. ಮಹಡಿಯಿಂದ ಪಿಯಾನೋ ಮೇಡಂ ಬೀಳುವ ಸದ್ದು ಈಗ ನಮ್ಮ ಊರಿನ ಹಾವುಮೀನಿನದು.

ಇಪ್ಪತ್ತಾರನೆಯ ಉಂಗುರ ಒಂದೇ ಸಲಕ್ಕೆ ಮುಗಿಯಿತು. ಖಾಲಿ ಜಾಗದಲ್ಲಿ ಏನೋ ಗೊಣಗಿದೆ. ಬ್ರಾಂದಿಮಾರ್ತೆ ಅವರು ಉಂಗುರ ನಿಲ್ಲಿಸಲು ಹೇಳಿದರು. ಆಮೇಲೆ ತಮ್ಮ ಕರವಸ್ತ್ರ ನನಗೆ ಕೊಟ್ಟರು. ಒಗೆದು ಇದರ ಜೊತೆ ಇಟ್ಟಿದ್ದೇನೆ, ಅವರಿಗೆ ಕೊಡು.

ಆ ಸಾಲು ನಿನಗೆ ಸರಿ ಕಾಣದಿದ್ದರೆ ಕತ್ತರಿಸಿ ಬಿಸಾಡು. ಸಂಭಾಷಣೆ ನಿನ್ನದು. ಕತ್ತರಿಯೂ ನಿನ್ನ ಕೈಯಲ್ಲೇ ಇದೆ.

ನೊರೀನಾ


ರೋಮ್
2 ಡಿಸೆಂಬರ್ 1973, ಭಾನುವಾರ

ಲೇ ನೊರೀನಾ,

ಇವತ್ತು ರೋಮಿನಲ್ಲಿ ಒಂದೇ ಒಂದು ಕಾರಿಲ್ಲ. ಪೆಟ್ರೋಲ್ ಉಳಿಸಲು ಸರ್ಕಾರ ಭಾನುವಾರ ಕಾರು ನಿಲ್ಲಿಸಿದೆ. ನಡುಬೀದಿಯಲ್ಲಿ ಜನ ಸ್ಕೇಟಿಂಗ್ ಮಾಡುತ್ತಿದ್ದಾರೆ, ಒಬ್ಬ ಕುದುರೆ ಹತ್ತಿ ಕಾಫಿಗೆ ಬಂದಿದ್ದ. ನಾನು ಬೆಳಿಗ್ಗೆಯಿಂದ ನಡೆಯುತ್ತಲೇ ಇದ್ದೇನೆ. ನಮ್ಮ ಹಳೆಯ ಕೋಣೆಯ ಮನೆವರೆಗೂ ಹೋಗಿ ಬಂದೆ. ಮನೆಯೊಡತಿ ಬದುಕಿದ್ದಾಳೆ! "ನಿನ್ನ ಜೊತೆಗಿದ್ದ ಗಯ್ಯಾಳಿ ಎಲ್ಲಿ?" ಎಂದಳು. "ಜನರನ್ನ ಕೊಲ್ತಾ ಇದಾಳೆ" ಎಂದೆ.

ಈಗ ಕೇಳು. ನಿನ್ನೆ ಧ್ವನಿಯೆಲ್ಲ ಸೇರಿಸಿ ಇಡೀ ಸಿನಿಮಾ ಹಾಕಿದರು. ಕತ್ತಲೆ ಕೋಣೆ. ನಿರ್ಮಾಪಕರು, ಬ್ರಾಂದಿಮಾರ್ತೆ ಅವರು, ನಾನು. ನಿನ್ನ ಪಿಸುಮಾತಿಗೆ ನಿರ್ಮಾಪಕರ ಸಿಗಾರು ಮೂರು ಸಲ ಆರಿಹೋಯಿತು. ಕೊನೆಗೆ ಮಹಡಿ ಬಂತು, ಕಣ್ಣೀರು ಬಂತು, ಹುಚ್ಚು ನಗು ಬಂತು. ತುಟಿ ಎರಡು ಸಲ ಮುಚ್ಚಿತು. "ಮಿಮ್ಮಾ..." ಆಮೇಲೆ ಆರು ಸಲ ಬಾಯಿ ತೆರೆಯಿತು. "ನನಗೆ ಗೊತ್ತಿತ್ತು."

ಹಾವುಮೀನು ಬಿತ್ತು. ಸಿನಿಮಾ ಮುಗಿಯಿತು.

ನಿರ್ಮಾಪಕರು ದೀಪ ಹಾಕಿಸಿ, "ಯಾರ್ರೀ ಈ ಮಿಮ್ಮಾ? ಒಂದೂವರೆ ಗಂಟೆ ಸಿನಿಮಾ ನೋಡಿದೆ, ಆ ಹೆಸರಿನ ಬೆಕ್ಕೂ ಇರಲಿಲ್ಲ! ಏನು ಗೊತ್ತಿತ್ತು ಇವಳಿಗೆ? ತೆಗೀರಿ ಅದನ್ನ!" ಎಂದು ಕೂಗಾಡಿದರು. ನಾನು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದೆ, ಹೌದು, ಅದೇ ಕರವಸ್ತ್ರ. ಹದಿನಾಲ್ಕು ವರ್ಷದ ಕೆಲಸದಲ್ಲಿ ನಾನು ನಿರ್ಮಾಪಕರಿಗೆ ಎದುರು ಮಾತಾಡಿದವಳಲ್ಲ. ನಿನ್ನೆ ಎದ್ದು ನಿಂತೆ. "ತುಟಿ ನೋಡಿ ಸರ್, ಇನ್ನೊಂದು ಸಲ ಹಾಕ್ಸಿ ನೋಡಿ. ಇದಕ್ಕಿಂತ ಸರಿಯಾಗಿ ಕೂರೋ ಮಾತು ಇದ್ರೆ ನೀವೇ ಹೇಳಿ, ನಾನು ಬರ್ಕೋತೀನಿ" ಎಂದೆ. ನಾಲ್ಕು ಸಲ ಹಾಕಿಸಿದರು. ನಾಲ್ಕು ಸಲವೂ ನೀನು ಹೇಳಿದೆ, ನಾಲ್ಕು ಸಲವೂ ನಾನು ಕೇಳಿದೆ. ಕೊನೆಗೆ ಬ್ರಾಂದಿಮಾರ್ತೆ ಅವರು, "ಅರ್ಥ ಆಗದೇ ಇದ್ರೆ ವಿಮರ್ಶಕರು ಆಳವಾಗಿದೆ ಅಂತಾರೆ, ಬಿಡಿ ಸರ್" ಎಂದರು. ಸಾಲು ಉಳಿಯಿತು.

ಇನ್ನೊಂದು ವಿಷಯ. ನನಗೂ ತಪ್ಪೊಪ್ಪಿಕೊಳ್ಳುವುದಿದೆ. ಹದಿನೈದರಂದು ನಾನು ಹಲ್ಲಿನ ವೈದ್ಯರ ಬಳಿ ಹೋಗಿರಲಿಲ್ಲ. ಕೆಂಪು ದೀಪದ ಕೆಳಗೆ, ಅದೇ ಗುಂಡು ಗಾಜಿನ ಹಿಂದೆ ನಿಂತಿದ್ದೆ. ನಿನ್ನ ತುಟಿ ಎರಡು ಸಲ ಮುಚ್ಚಿದ್ದನ್ನು ಆವತ್ತೇ ನೋಡಿದೆ. ಹೊರಗೆ ಸದ್ದಿಲ್ಲವಲ್ಲ, ನನ್ನ ಆಸೆಯೇ ಹಾಗೆ ಕಾಣಿಸಿತೇನೋ ಎಂದುಕೊಂಡು ಓಡಿಹೋದೆ. ಇನ್ನು ಆ ಖಾಲಿ ಜಾಗ. ಲೇ, ಸಾಯುವವರು 'ಮಮ್ಮಾ' ಎನ್ನುತ್ತಾರೆ ಎಂದು ನಿನ್ನೆ ಕಸುಬಿಗೆ ಬಂದವರಿಗೂ ಗೊತ್ತು. ಅದನ್ನು ತುಂಬಲು ನನಗೆ ಅರ್ಧ ನಿಮಿಷ ಸಾಕಿತ್ತು. ನಿನ್ನ ಬಾಯಿಂದ ಬರುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದಕ್ಕೇ ಇನ್ನೊಬ್ಬರ ಬಾಯಿ ಹುಡುಕಿ ಕೊಟ್ಟೆ.

ಸಿನಿಮಾ ಜನವರಿಯಲ್ಲಿ ನಿಮ್ಮ ಕಡೆ ಬರುತ್ತದೆ. ನಿಮ್ಮ ಹಾವುಮೀನಿನ ರುಚಿ ಹೇಗಿರುತ್ತದೆ ಎಂದು ನೋಡುವ ಆಸೆ ನನಗಿದೆ. ಅದನ್ನು ನೀನು ಅಪ್ಪಳಿಸದೆ ಬೇಯಿಸುವುದಾದರೆ ಬರುತ್ತೇನೆ.

ನಿನ್ನ
ಮಿಮ್ಮಾ


ಕೊಮಾಕ್ಕಿಯೊ
21 ಜನವರಿ 1974

ಮಿಮ್ಮಾ, ನನ್ನ ಮಿಮ್ಮಾ,

ನಿನ್ನ ಡಿಸೆಂಬರ್ ಕಾಗದ ಏಪ್ರನ್ನಿನ ಜೇಬಿನಲ್ಲೇ ಇದೆ. ಮೀನಿನ ಎಣ್ಣೆ ಕುಡಿದು ಕುಡಿದು ಈಗ ಗಾಜಿನ ಹಾಗೆ ಪಾರದರ್ಶಕವಾಗಿದೆ. ಎರಡೂ ಕಡೆಯಿಂದ ಓದಬಹುದು.

ಶನಿವಾರ ನಮ್ಮ ಚಿತ್ರಮಂದಿರಕ್ಕೆ ಸಿನಿಮಾ ಬಂತು. ಕೊಲೆಗಾರ್ತಿ ನಾನು ಎಂದು ನುಲ್ಲೊ ಊರಿಗೆಲ್ಲ ಸಾರಿಬಿಟ್ಟಿದ್ದ. ಕಥೆಯ ಗುಟ್ಟು ಬಿಟ್ಟುಕೊಟ್ಟೆಯಲ್ಲ ಎಂದರೆ, "ಗುಟ್ಟು ಗೊತ್ತಿದ್ರೂ ಹೆದರಲಿ ಬಿಡೇ" ಎಂದ. ಹೆದರಿದರು. ಮೊದಲ ಪಿಸುಮಾತಿಗೆ ಮುಂದಿನ ಸಾಲಿನ ಮುದುಕ ಎದ್ದು, "ನೊರೀನಾ, ಸಾಕು, ನಿನ್ನ ಅಂಗಡಿಯಲ್ಲೇ ಮೀನು ತಗೋತೀನಿ!" ಎಂದು ಕೂಗಿದ. ಚಿತ್ರಮಂದಿರ ಎದ್ದು ಬೀಳುವಷ್ಟು ನಗು. ಪಕ್ಕದ ಅಂಗಡಿಯ ಭೋಂಗಿನ ಗಂಟಲಿನವಳು ಮಾತ್ರ ನಗಲಿಲ್ಲ. ಅವಳು ಇಂದು ಬೆಳಿಗ್ಗೆಯಿಂದ ಮೆಲ್ಲಗೆ ಮಾತಾಡುತ್ತಿದ್ದಾಳೆ.

ಕೊನೆಯ ಮಾತು ಬಂದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ನನ್ನದೇ ಧ್ವನಿ, ಅಷ್ಟು ದೊಡ್ಡದಾಗಿ, ಊರೆಲ್ಲ ಕೇಳುವ ಹಾಗೆ. ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ ಕಣೇ. ಏಳು ವರ್ಷ ಗಂಟಲಲ್ಲಿದ್ದ ಮುಳ್ಳು ಹೊರಗೆ ಬಂದ ಹಾಗಾಯಿತು.

ಹೊರಗೆ ಬಂದರೆ ಚರ್ಚೆಯೋ ಚರ್ಚೆ. ಮಿಮ್ಮಾ ಎಂದರೆ ಅವಳ ಸತ್ತ ಮಗಳು ಎಂದು ಒಬ್ಬರು, ಪಿಯಾನೋದ ಹೆಸರು ಎಂದು ಇನ್ನೊಬ್ಬರು. ಮಿಮ್ಮಾ ಎಂದರೆ ಮನುಷ್ಯನ ಆತ್ಮಸಾಕ್ಷಿ ಎಂದು ನಮ್ಮ ಪಾದ್ರಿಗಳು ಹೇಳಿದರು. ಅವರು ಅಲ್ಲಿಗೆ ಬಂದದ್ದೇ ನನಗೆ ಆಶ್ಚರ್ಯ. ಕೊನೆಗೆ ಬಾರಿನ ಒಡತಿ ಎಲ್ಲರನ್ನೂ ಸರಿಸಿಕೊಂಡು ಬಂದು, ಸೊಂಟದ ಮೇಲೆ ಕೈಯಿಟ್ಟು, "ಸುಮ್ನಿರ್ರೀ ಎಲ್ರೂ. ನೊರೀನಾ, ನೀನೇ ಹೇಳು. ಮಿಮ್ಮಾ ಅಂದ್ರೆ ಯಾರು? ಅವಳೆಲ್ಲಿದಾಳೆ? ನಿನಗಾದ್ರೂ ಗೊತ್ತಾ?" ಎಂದಳು.

ನೋಡು, ಅದೇ ಪ್ರಶ್ನೆ. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಈ ಸಲ ಎದುರಿಗೆ ಪರದೆಯೂ ಇರಲಿಲ್ಲ, ಬೇರೆಯವರ ತುಟಿಯೂ ಇರಲಿಲ್ಲ.

"ಗೊತ್ತು" ಎಂದೆ. "ನನ್ನ ಗೆಳತಿ. ರೋಮಿನಲ್ಲಿದಾಳೆ. ಮೂವತ್ತೊಂದರ ಗುರುವಾರ ಹನ್ನೊಂದು ಗಂಟೆ ಬಸ್ಸಿಗೆ ಬರ್ತಾಳೆ."

ನಿನ್ನನ್ನು ಕೇಳದೆ ದಿನ ನಾನೇ ಗೊತ್ತುಮಾಡಿಬಿಟ್ಟೆ, ಈಗ ಊರಿಗೆ ಊರೇ ನಿನ್ನನ್ನು ನೋಡಲು ಬಸ್ ನಿಲ್ದಾಣಕ್ಕೆ ಬರುತ್ತದಂತೆ. ಉಳಿದ ಹಲ್ಲುಗಳನ್ನು ಚೆನ್ನಾಗಿ ಉಜ್ಜಿಕೊಂಡು ಬಾ.

ನಿನ್ನ
ನೊರೀನಾ